ಅವ್ಯಕ್ತರಾಶಿಗಳ ಭಾಗಹಾರ: ಭಾಸ್ಕರಾಚಾರ್ಯನೂ ಅಲ್-ಸಮವ್‌ಅಲನೂ

ಬಹುಪದೋಕ್ತಿಯೊಂದನ್ನು ಮತ್ತೊಂದರಿಂದ ಭಾಗಿಸುವ ದೀರ್ಘಭಾಗಹಾರವು ಪಾಶ್ಚಾತ್ಯ ಪಠ್ಯಪುಸ್ತಕಗಳೊಡನೆ ಈ ದೇಶಕ್ಕೆ ಬಂದುದೆಂಬ ಭಾವನೆ ಸಾಮಾನ್ಯವಾಗಿದೆ. ಗ್ರಂಥಗಳನ್ನು ಪರಿಶೀಲಿಸಿದರೆ ಈ ಭಾವನೆಯು ನಿಲ್ಲುವುದಿಲ್ಲ.

ಭಾಸ್ಕರಾಚಾರ್ಯನು ಶಕ 1036ರಲ್ಲಿ, ಎಂದರೆ ಕ್ರಿ. ಶ. 1114ರಲ್ಲಿ, ಹುಟ್ಟಿ ಮೂವತ್ತಾರನೆಯ ವಯಸ್ಸಿನಲ್ಲಿ ಸಿದ್ಧಾಂತಶಿರೋಮಣಿಯನ್ನು ರಚಿಸಿದುದಾಗಿ ತಾನೇ ಹೇಳಿಕೊಂಡಿದ್ದಾನೆ. (ಅವನ ಊರಾದ ವಿಜ್ಜಡವಿಡವು ಬಿಜಾಪುರವೋ ಖಾನದೇಶದ ಸೀಮೆಯದೋ ಎಂಬ ವಿವಾದ ಇಲ್ಲಿ ಅಪ್ರಕೃತ.) ಲೀಲಾವತಿಯಲ್ಲಿ ಅಂಕಗಳ ಭಾಗಹಾರಕ್ಕೆ ಅವನು ಕೊಟ್ಟಿರುವ ಸೂತ್ರವನ್ನೂ ಬೀಜಗಣಿತದಲ್ಲಿ ಅವ್ಯಕ್ತಗಳ ಭಾಗಹಾರಕ್ಕೆ ಕೊಟ್ಟಿರುವ ಸೂತ್ರವನ್ನೂ ಒಟ್ಟಿಗೆ ಇಟ್ಟು ನೋಡುವುದು ಅವಶ್ಯ. ಎರಡರಲ್ಲಿಯೂ ‘ಭಾಜ್ಯ’ವೆಂಬ ಶಬ್ದದಿಂದಲೇ ಆರಂಭ, ಎರಡರಲ್ಲಿಯೂ ‘ಶುಧ್ಯತಿ’, ಎಂದರೆ ಪೂರ್ತಿಯಾಗಿ ಕಳೆದುಹೋಗುವುದು, ಎಂಬ ಒಂದೇ ಕ್ರಿಯಾಪದ. ಲೀಲಾವತಿಯ ಸೂತ್ರವು ಅಂತ್ಯಸ್ಥಾನದಿಂದ, ಅರ್ಥಾತ್ ಅತ್ಯುಚ್ಚ ಸ್ಥಾನದಿಂದ, ತೊಡಗಬೇಕೆನ್ನುತ್ತದೆ. ಬೀಜಗಣಿತದ ಸೂತ್ರವು, ಭಾಜಕವನ್ನು ಯಾವ ಯಾವ ವರ್ಣಗಳಿಂದಲೂ ರೂಪಗಳಿಂದಲೂ ಗುಣಿಸಿ ಕಳೆದರೆ ಅದು ತನ್ನ ತನ್ನ ಸ್ಥಾನಗಳಲ್ಲಿ ಕ್ರಮವಾಗಿ ತೀರುವುದೋ ಅವೇ ಲಬ್ಧಿಗಳು, ಎನ್ನುತ್ತದೆ. ಏಕ, ದಶ, ಶತಗಳಿಗೆ ಸಲ್ಲುತ್ತಿದ್ದ ‘ಸ್ಥಾನ’ ಶಬ್ದವು ಇಲ್ಲಿ ಯಾವತ್ತಾವತ್, ಅದರ ವರ್ಗ, ರೂಪ ಇವುಗಳ ನೆಲೆಗೆ ಸಂದಿದೆ. ಅಂಕಸೂತ್ರವನ್ನೇ ಅವ್ಯಕ್ತಕ್ಕೆ ಹೊಂದಿಸಿದನೆಂಬುದಕ್ಕೆ ಇದಕ್ಕಿಂತ ಬಲವಾದ ಅಂತಸ್ಸಾಕ್ಷ್ಯ ಬೇಕಿಲ್ಲ.

ಅವನ ಉದಾಹರಣೆ ಸರಳ. ಐದು ಯಾವತ್ತಾವತ್‌ಗಳಲ್ಲಿ ಒಂದು ರೂಪ ಕಡಮೆಯಾದ ರಾಶಿಯನ್ನು ಮೂರು ಯಾವತ್ತಾವತ್, ಎರಡು ರೂಪಗಳಿಂದ ಗುಣಿಸಿದರೆ ವರ್ಗ 15, ಯಾವತ್ತಾವತ್ 7, ಋಣರೂಪ 2 ಬರುತ್ತವೆ. ಇದನ್ನು ಗುಣಕದಿಂದ ಭಾಗಿಸುವಾಗ ಮೊದಲು ಯಾವತ್ತಾವತ್ 5 ಲಬ್ಧ. ಉಳಿದ ಋಣ ಯಾವತ್ತಾವತ್ 3, ಋಣರೂಪ 2 ಇವುಗಳಿಂದ ಋಣರೂಪ 1 ಲಬ್ಧ. ಶೇಷ ಉಳಿದರೇನು, ನಡುವೆ ಒಂದು ಘಾತ ಬಿಟ್ಟುಹೋಗಿದ್ದರೇನು, ಎಂಬ ಪ್ರಶ್ನೆಗಳನ್ನು ಸೂತ್ರ ಎತ್ತುವುದಿಲ್ಲ.

ಅವನ್ನು ಎತ್ತಿದವನು ಅದೇ ಕಾಲದಲ್ಲಿ ಬಾಗ್ದಾದಿನಲ್ಲಿದ್ದ ಅಲ್-ಸಮವ್‌ಅಲ್. ಸುಮಾರು 1130ರಲ್ಲಿ ಹುಟ್ಟಿದ ಈತನು ‘ಅಲ್-ಬಾಹಿರ್’ ಎಂಬ ಬೀಜಗಣಿತಗ್ರಂಥವನ್ನು ಹತ್ತೊಂಬತ್ತನೆಯ ವಯಸ್ಸಿನಲ್ಲಿ ಬರೆದನೆಂದು ಪ್ರತೀತಿ. ಈತನಿಗೆ ಆಧಾರ ಅಲ್-ಕರಜಿಯ ಕೃತಿಗಳು. ಘಾತಗಳ ಹೆಸರುಗಳನ್ನು ಸಾಲಾಗಿ ಬರೆದು, ಕೆಳಗೆ ಗುಣಾಂಕಗಳನ್ನು ಮಾತ್ರ ಇಟ್ಟು, ಇಲ್ಲದ ಘಾತದ ಕೆಳಗೆ ಸೊನ್ನೆಯನ್ನು ಹಾಕಿ, ಹೆಜ್ಜೆಹೆಜ್ಜೆಗೂ ಭಾಜಕವನ್ನು ಒಂದೊಂದು ಮನೆ ಸರಿಸುವುದು ಈತನ ಕ್ರಮ. ಒಂದು ಲೆಕ್ಕದಲ್ಲಿ ಭಾಜ್ಯದ ಗುಣಾಂಕಗಳು ಆರನೆಯ ಘಾತದಿಂದ ಇಳಿಯುತ್ತ 20, 2, 58, 75, 125, 96, 94, 140, 50, 90, 20. ಕೊನೆಯ ನಾಲ್ಕು ಅವ್ಯಕ್ತದ ವಿಲೋಮಘಾತಗಳವು. ಭಾಜಕ ಮೂರನೆಯ ಘಾತದಿಂದ 2, 0, 5, 5, 10. ಲಬ್ಧ 10, 1, 4, 10, 0, 8, 2. ಭಾಜಕದಲ್ಲಿ ಒಂದು ಸೊನ್ನೆ, ಲಬ್ಧದಲ್ಲಿ ಒಂದು ಸೊನ್ನೆ: ಇವೆರಡನ್ನು ಬಿಟ್ಟರೆ ಲೆಕ್ಕವೇ ಕೆಡುತ್ತದೆ.

ಯಾರು ಯಾರಿಂದ ಪಡೆದರು? ಇಬ್ಬರಲ್ಲೊಬ್ಬರು ಮತ್ತೊಬ್ಬರನ್ನು ಕಂಡಿದ್ದರೆನ್ನಲು ಪ್ರಮಾಣವಿಲ್ಲ. ಲೀಲಾವತಿಯೇ ಪಾರಸಿಗೆ ಬಂದುದು ಫೈಜಿಯಿಂದ, 1587ರಲ್ಲಿ. ಆದರೆ ಬಾಲ್ಯದಲ್ಲಿ ಹಿಂದೂ ಗಣನಪದ್ಧತಿಯನ್ನು ಕಲಿತುದಾಗಿ ಅಲ್-ಸಮವ್‌ಅಲನು ಆತ್ಮವೃತ್ತಾಂತದಲ್ಲಿ ಹೇಳಿದ್ದಾನೆ. ಆದುದರಿಂದ ಇಬ್ಬರಿಗೂ ಸಮಾನವಾದ ಮೂಲಧನ ಸ್ಥಾನಪದ್ಧತಿ. ಅದನ್ನು ಅವ್ಯಕ್ತಕ್ಕೆ ಒಯ್ದ ಯಶಸ್ಸು ಇಬ್ಬರದೂ ಬೇರೆ ಬೇರೆ. ಭಾಸ್ಕರನೇ ಸರ್ವಪ್ರಥಮನೆಂದು ಸಾಧಿಸಹೊರಡುವ ದೇಶಾಭಿಮಾನಕ್ಕೂ ಅವನ ಸೂತ್ರವನ್ನು ಕಾಣದೆ ಬರೆದ ಇತಿಹಾಸಕ್ಕೂ ಇಲ್ಲಿ ಸಮಾನವಾಗಿ ಎಡೆಯಿಲ್ಲ.

ಭಾಸ್ಕರನ ಸೂತ್ರವು ಮುಟ್ಟದ ಒಂದು ವಿಷಯದಲ್ಲಂತೂ ಅಲ್-ಸಮವ್‌ಅಲನು ಬಹುದೂರ ನಡೆದನು. ವರ್ಗ 20, ಅವ್ಯಕ್ತ 30 ಇವನ್ನು ವರ್ಗ 6, ರೂಪ 12 ಇವುಗಳಿಂದ ಭಾಗಿಸಿದರೆ ಭಾಗಹಾರ ತೀರುವುದೇ ಇಲ್ಲ. ಲಬ್ಧವು ಮೂರು ಮತ್ತು ಮೂರನೆಯ ಒಂದಂಶ, ಆಮೇಲೆ 5, ಋಣ ಆರು ಮತ್ತು ಮೂರನೆಯ ಎರಡಂಶ, ಋಣ 10, ಹೀಗೆ ವಿಲೋಮಘಾತಗಳಲ್ಲಿ ಇಳಿಯುತ್ತ ಹೋಗುತ್ತದೆ. ಪ್ರತಿಯೊಂದು ಗುಣಾಂಕವೂ ತನಗಿಂತ ಎರಡು ಸ್ಥಾನ ಹಿಂದಿನದರ ಋಣ ಎರಡರಷ್ಟೆಂಬ ನಿಯಮವನ್ನು ಅವನು ಕಂಡುಕೊಂಡನು. ಮುಂದಿನ ಪದಗಳನ್ನು ಭಾಗಿಸದೆಯೇ ಬರೆಯುವ ದಾರಿ ಅದರಿಂದ ತೆರೆಯಿತು.