ಬದು ಯಾರದ್ದು? ಬಿತ್ತುವಟ್ಟದಿಂದ ಕೃಷಿ ಹೊಂಡದವರೆಗೆ

ಈ ಸಲದ ವಿಡಿಯೋ ಶುರುವಾಗಿದ್ದು ಅಪ್ಪನ ಫೋನ್‌ನಿಂದ. ಚಿತ್ರದುರ್ಗ ಜಿಲ್ಲೆಯ ನಮ್ಮ ಹೊಲದಲ್ಲಿ ಸರ್ಕಾರದ ಸಹಾಯಧನದಲ್ಲಿ ಒಂದು ಕೃಷಿ ಹೊಂಡ ಇದೆ. ಒಳಗೆ ಹಾಸಿದ್ದ ಪ್ಲಾಸ್ಟಿಕ್ ಶೀಟ್ ಹರಿದು ನೀರು ನಿಲ್ತಾ ಇಲ್ಲ. "ರಿಪೇರಿ ಮಾಡಿಸಪ್ಪ" ಅಂದೆ. "ಸರ್ಕಾರದ ಹೊಂಡ ಕಣೋ, ಅವರೇ ಮಾಡಿಸ್ಲಿ" ಅಂದರು. ಜಮೀನು ಅವರದ್ದು, ಖರ್ಚಿನಲ್ಲಿ ಒಂದು ಪಾಲು ಅವರದ್ದು. ಆದ್ರೂ ಹೊಂಡ ಸರ್ಕಾರದ್ದು!

ಈ ಪಾಲುದಾರಿಕೆ ಹೊಸದಲ್ಲ. ನಮ್ಮ ಕೆರೆ ಶಾಸನಗಳಲ್ಲಿ ಮತ್ತೆ ಮತ್ತೆ ಬರೋ ಪದಗಳು ಬಿತ್ತುವಟ್ಟ, ಕಟ್ಟುಕೊಡಗೆ, ದಶವಂದ. ಕೆರೆ ಕಟ್ಟಿದವನಿಗೆ, ಒಡೆದದ್ದನ್ನು ಸರಿಮಾಡಿದವನಿಗೆ ಅದೇ ಕೆರೆಯ ಕೆಳಗಿನ ಗದ್ದೆಯಲ್ಲಿ ಒಂದಿಷ್ಟು ಭೂಮಿ, ತೆರಿಗೆ ಇಲ್ಲ ಅಥವಾ ಕಡಿಮೆ. ಬಿತ್ತುವಟ್ಟವಂತೂ ಕೆರೆಯ ನಿರ್ವಹಣೆಗೆಂದೇ ಬಿಟ್ಟ ದತ್ತಿ. ನಮ್ಮ ಆಫೀಸ್ ಭಾಷೆಯಲ್ಲಿ ಎಎಂಸಿ ಅನ್ನಿ. ಇದರ ಜಾಣತನ ನೋಡಿ: ದುಡ್ಡು ಒಂದೇ ಸಲ ಕೈಗೆ ಬರಲ್ಲ. ಕೆರೆ ತುಂಬಿದ ವರ್ಷ ಗದ್ದೆ ಬೆಳೆಯುತ್ತೆ. ಏರಿ ಒಡೆದರೆ ನಿರ್ವಹಣೆ ಮಾಡೋನ ಹೊಟ್ಟೆಗೂ ಏಟು. ಹಾಗಂತ ಅದು ಸುವರ್ಣಯುಗವೇನಲ್ಲ. ಹೂಳೆತ್ತೋಕೆ ಬಿಟ್ಟಿ ದುಡಿದವರೂ ಇದ್ದರು, ಅವರ ಹೆಸರು ಯಾವ ಕಲ್ಲಿನ ಮೇಲೂ ಇಲ್ಲ.

ಬ್ರಿಟಿಷರು ಇದನ್ನು ಸಾಲ ಮಾಡಿದರು. 1876-78ರ ಭೀಕರ ಬರದ ನಂತರ, 1883ರಲ್ಲಿ ಭೂ ಸುಧಾರಣಾ ಸಾಲ ಕಾಯ್ದೆ ಬಂತು. ಬಾವಿ ತೋಡೋಕೆ, ಜಮೀನು ಸರಿಮಾಡೋಕೆ ತಕಾವಿ ಸಾಲ. ಕಟ್ಟದಿದ್ದರೆ ಕಂದಾಯ ಬಾಕಿಯ ಥರ ವಸೂಲಿ.

ನನಗೆ ಹೆಚ್ಚು ಕುತೂಹಲ ಹುಟ್ಟಿಸಿದ್ದು 1942ರ ಬಾಂಬೆ ಭೂ ಸುಧಾರಣಾ ಯೋಜನೆಗಳ ಕಾಯ್ದೆ. ಆಗ ಬಿಜಾಪುರ, ಧಾರವಾಡ ಎಲ್ಲ ಬಾಂಬೆ ಪ್ರಾಂತ್ಯದಲ್ಲಿದ್ದವಲ್ಲ. ಯೋಜನೆ ಒಮ್ಮೆ ಮಂಜೂರಾದರೆ, ಒಬ್ಬ ರೈತ ಬೇಡ ಅಂದರೂ ಅವನ ಹೊಲದಲ್ಲಿ ಒಡ್ಡು ಬೀಳುತ್ತಿತ್ತು, ಖರ್ಚಿನ ಪಾಲೂ ಅವನ ತಲೆಗೆ. ಎಂಜಿನಿಯರ್‌ಗಳು ಹಾಕಿದ್ದು ಸಮಪಾತಳಿ ಒಡ್ಡು, ಅಂದರೆ ಇಳಿಜಾರಿಗೆ ಅಡ್ಡಲಾಗಿ ಒಂದೇ ಎತ್ತರದಲ್ಲಿ ಸಾಗೋದು. ಅದು ಹೊಲದ ಎಲ್ಲೆ ನೋಡಲ್ಲ, ಕುಂಟೆ ತಿರುಗಿಸೋ ಜಾಗ ನೋಡಲ್ಲ. ಆಳವಾದ ಎರೆ ಮಣ್ಣಲ್ಲಿ ನೀರು ಇಂಗೋದು ನಿಧಾನ. ಒಡ್ಡಿನ ಹಿಂದೆ ನೀರು ನಿಂತು ಬೆಳೆ ಕೊಳೆಯುತ್ತೆ, ಆಮೇಲೆ ಒಡ್ಡೇ ಒಡೆಯುತ್ತೆ. ರೈತರು ಮೊದಲಿಂದ ಹಾಕ್ತಿದ್ದ ಒಡ್ಡು ಹೊಲದ ಅಂಚಿಗೆ, ಹೆಚ್ಚಾದ ನೀರು ಹೋಗೋಕೆ ಕಲ್ಲಿನ ಕೋಡಿ ಇಟ್ಟು. ತನ್ನದಲ್ಲದ ಒಡ್ಡನ್ನು ಯಾರಾದರೂ ಯಾಕೆ ಕಾಪಾಡ್ತಾರೆ? ಎಷ್ಟೋ ಕಡೆ ಉತ್ತು ಸಮ ಮಾಡಿಬಿಟ್ಟರು.

ಈಗ ದೆಹಲಿಗೆ ಬನ್ನಿ. ನಾನು ಮಾತಾಡ್ತಿರೋದು ಕಿದ್ವಾಯಿ ನಗರದಿಂದ, ಹೆಂಡತಿಯ ಸರ್ಕಾರಿ ಕ್ವಾರ್ಟರ್ಸ್‌ನಲ್ಲಿ ಕೂತು. 1942ರ ಪಾಠ ಕಲಿತು ದೆಹಲಿ ಮಾಡಿದ್ದು ಏನಂದ್ರೆ, ಹನುಮಂತ ರಾವ್ ಸಮಿತಿಯ ಶಿಫಾರಸಿನ ಮೇಲೆ 1995ರಿಂದ ಜಲಾನಯನ ಕೆಲಸಕ್ಕೆ ಜನರ ವಂತಿಗೆ ಕಡ್ಡಾಯ ಮಾಡಿದ್ದು. ದುಡ್ಡು ಹಾಕಿದವನಿಗೆ ಅದು ತನ್ನದು ಅನ್ನಿಸುತ್ತೆ ಅನ್ನೋ ನಂಬಿಕೆ. 2008ರ ಮಾರ್ಗಸೂಚಿಯಲ್ಲಿ ಖಾಸಗಿ ಜಮೀನಿನ ಕೆಲಸಕ್ಕೆ ಕನಿಷ್ಠ ಶೇ. 10, ಪರಿಶಿಷ್ಟರಿಗೆ ಹಾಗೂ ಸಣ್ಣ, ಅತಿಸಣ್ಣ ರೈತರಿಗೆ ಶೇ. 5. ಆದರೆ ಬಹಳ ಊರುಗಳಲ್ಲಿ ಈ ವಂತಿಗೆ ಕೂಲಿಯವರ ಮಜೂರಿಯಲ್ಲೇ ಮುರಿದುಕೊಂಡದ್ದು. ಅಂದರೆ ಬದು ರೈತನದ್ದು, ವಂತಿಗೆ ಕೂಲಿಯವನದ್ದು. ಇನ್ನೊಂದು ತಮಾಷೆ: ವಂತಿಗೆ ಸೇರೋ ಜಲಾನಯನ ಅಭಿವೃದ್ಧಿ ನಿಧಿಯಿಂದ ಸಾರ್ವಜನಿಕ ಕಟ್ಟೆ ರಿಪೇರಿ ಮಾಡಬಹುದು, ಖಾಸಗಿ ಹೊಲದ ಬದು ಮಾಡೋ ಹಾಗಿಲ್ಲ.

2014ರ ಕೃಷಿ ಭಾಗ್ಯದಲ್ಲಿ ಹೊಂಡಕ್ಕೆ ಸಾಮಾನ್ಯ ವರ್ಗದವರಿಗೆ ಶೇ. 80, ಪರಿಶಿಷ್ಟರಿಗೆ ಶೇ. 90 ಸಹಾಯಧನ. ಅಮೆರಿಕದಲ್ಲಿರೋ ಗೆಳೆಯರು ಕೇಳಬಹುದು, ಅಲ್ಲಿ ಹೇಗೆ ಅಂತ. 1996ರಿಂದ ಇರೋ ಇಕ್ವಿಪ್ ಯೋಜನೆಯಲ್ಲೂ ಖರ್ಚು ಹಂಚಿಕೆನೇ. ಆದರೆ ಕಟ್ಟಿದ್ದನ್ನು ಅದರ ಆಯಸ್ಸು ಮುಗಿಯೋವರೆಗೆ ಕಾಪಾಡ್ತೀನಿ ಅಂತ ಕರಾರು ಇರುತ್ತೆ; ಮುರಿದರೆ ದುಡ್ಡು ವಾಪಸ್ ಕೇಳಬಹುದು.

ಅಪ್ಪನ ಫೈಲನ್ನು ತಮ್ಮನಿಂದ ವಾಟ್ಸಾಪ್‌ನಲ್ಲಿ ತರಿಸಿಕೊಂಡೆ. ಮುಚ್ಚಳಿಕೆ ಪತ್ರದಲ್ಲಿ ನಿರ್ವಹಣೆ ಫಲಾನುಭವಿಯದ್ದೇ ಅಂತ ಸಾಲು ಇದೆ, ಕೆಳಗೆ ಅಪ್ಪನ ಸಹಿ. ಓದಿ ಹೇಳಿದೆ. "ಎಲ್ಲಿ ಸೈನ್ ಹಾಕಿ ಅಂದ್ರೋ ಅಲ್ಲಿ ಹಾಕ್ದೆ, ಯಾರು ಓದಿ ಹೇಳಿದ್ರು?" ಅಂದರು.

ಹೊಸ ಶೀಟಿಗೆ ರೇಟ್ ಕೇಳಿದ್ದೀವಿ. ಅರ್ಧ ಅಪ್ಪನದ್ದು, ಅರ್ಧ ನನ್ನದು. ಬರೋ ವರ್ಷ ಹೂಳು ತೆಗೆಸೋ ಖರ್ಚು ಯಾರದ್ದು ಅನ್ನೋದು ಇನ್ನೂ ತೀರ್ಮಾನ ಆಗಿಲ್ಲ.