ಪಿರ್ರೆಯಿಂದ ತೊಡೆ, ತೋಳುಗಳಿಗೆ: ಲಸಿಕೆಯ ಜಾಗ ಬದಲಾದ ಬಗೆ

ಎಲ್ಲ ಲಸಿಕೆಗಳೂ ಸ್ನಾಯುವಿಗೆ ಹೋಗುವುದಿಲ್ಲ. ಬಿಸಿಜಿಯನ್ನು ಚರ್ಮದ ಪದರದೊಳಗೆ, ದಡಾರ-ರುಬೆಲ್ಲಾ ಲಸಿಕೆಯನ್ನು ಚರ್ಮದಡಿಗೆ ಕೊಡುತ್ತಾರೆ. ಸ್ನಾಯುವಿನ ಆಳ ಬಹು ಮುಖ್ಯವಾಗುವುದು ಅಲ್ಯೂಮಿನಿಯಂ ಲವಣ ಬೆರೆತ ಲಸಿಕೆಗಳಿಗೆ. ಗಂಟಲಮಾರಿಯ ಟಾಕ್ಸಾಯ್ಡಿಗೆ, ಅಂದರೆ ನಿರ್ವಿಷಗೊಳಿಸಿದ ರೋಗವಿಷಕ್ಕೆ, ಪಟಿಕವೆಂಬ ಅಲ್ಯೂಮಿನಿಯಂ ಲವಣ ಸೇರಿಸಿದರೆ ದೇಹದ ಪ್ರತಿರೋಧ ಬಲವಾಗುತ್ತದೆಂದು 1926ರಲ್ಲಿ ಬ್ರಿಟನ್ನಿನ ಅಲೆಕ್ಸಾಂಡರ್ ಗ್ಲೆನ್ನಿ ಮತ್ತು ಸಂಗಡಿಗರು ತೋರಿಸಿದರು. ಆದರೆ ಇಂಥ ಲವಣ ಚರ್ಮದಡಿಯ ಕೊಬ್ಬಿನಲ್ಲಿ ಉಳಿದರೆ ಊತ ಬರುತ್ತದೆ, ಗಂಟು ಕಟ್ಟುತ್ತದೆ, ಕೆಲವೊಮ್ಮೆ ಸೋಂಕಿಲ್ಲದೆಯೂ ಬಾವಾಗುತ್ತದೆ. ರಕ್ತಸಂಚಾರ ಹೆಚ್ಚಿರುವ ಸ್ನಾಯು ಅದನ್ನು ಚೆನ್ನಾಗಿ ತಾಳಿಕೊಳ್ಳುತ್ತದೆ.

ಯಾವ ಸ್ನಾಯು ಎಂಬ ಪ್ರಶ್ನೆಗೆ ಬಹುಕಾಲ ಸಿಕ್ಕ ಉತ್ತರ ಪಿರ್ರೆ. ಜನರ ಬಾಯಲ್ಲಿ ಅದು ‘ಸೊಂಟದ ಇಂಜೆಕ್ಷನ್’. ಅಲ್ಲಿ ಮಾಂಸ ದಂಡಿಯಾಗಿದೆ, ಆದರೆ ಕಾಲಿಗೆ ಇಳಿಯುವ ಸಯಾಟಿಕ್ ನರವೂ ಅಲ್ಲೇ ಹಾದುಹೋಗುತ್ತದೆ. ಅದಕ್ಕೆ ಪೆಟ್ಟಾದರೆ ಪಾದ ಜೋತುಬೀಳಬಹುದು. ಪಿರ್ರೆಯನ್ನು ನಾಲ್ಕು ಭಾಗವಾಗಿ ಕಲ್ಪಿಸಿಕೊಂಡು ಮೇಲಿನ ಹೊರಭಾಗಕ್ಕೇ ಚುಚ್ಚಬೇಕೆಂಬ ನಿಯಮ ಬಂದದ್ದು ಈ ಭಯದಿಂದಲೇ. 1950ರ ದಶಕದಲ್ಲಿ ಸ್ವಿಟ್ಜರ್ಲೆಂಡಿನ ಫಾನ್ ಹೋಖ್‌ಸ್ಟೆಟರ್ ಪಿರ್ರೆಯನ್ನು ಬಿಟ್ಟು ಸೊಂಟದ ಪಕ್ಕದ ಸ್ನಾಯುವನ್ನು ಸೂಚಿಸಿದರು. ಔಷಧಿಗಳ ಮಟ್ಟಿಗೆ ಅದು ಒಳ್ಳೆಯ ಜಾಗವೆಂದು ಒಪ್ಪಿಗೆಯಾಯಿತು, ಲಸಿಕೆಗೆ ಮಾತ್ರ ಅಷ್ಟಾಗಿ ಬಳಕೆಗೆ ಬರಲಿಲ್ಲ.

ಪಿರ್ರೆಯ ಮೇಲಿನ ನಂಬಿಕೆ ಕುಸಿದದ್ದು 1980ರ ದಶಕದಲ್ಲಿ. ಸಿಟಿ ಸ್ಕ್ಯಾನ್ ಮೂಲಕ ಕೊಬ್ಬಿನ ದಪ್ಪ ಅಳೆದ 1982ರ ಅಧ್ಯಯನವೊಂದು, ಪಿರ್ರೆಗೆ ಚುಚ್ಚಿದ ಬಹುಪಾಲು ಮದ್ದು ಸ್ನಾಯುವನ್ನು ಮುಟ್ಟದೆ ಕೊಬ್ಬಿನಲ್ಲೇ ಉಳಿಯುತ್ತದೆಂದು ತೋರಿಸಿತು. ಹೆಂಗಸರಲ್ಲಂತೂ ಸ್ನಾಯು ತಲುಪುವ ಸಂಭವ ತೀರಾ ಕಡಿಮೆ. ಇದು ಬರಿಯ ಅಂಗರಚನೆಯ ಮಾತಾಗಿ ಉಳಿಯಲಿಲ್ಲ. ಹೆಪಟೈಟಿಸ್ ಬಿ ಲಸಿಕೆಯನ್ನು ಪಿರ್ರೆಗೆ ಹಾಕಿಸಿಕೊಂಡವರಲ್ಲಿ ಪ್ರತಿಕಾಯಗಳು ಸಾಕಷ್ಟು ಹುಟ್ಟುತ್ತಿಲ್ಲವೆಂದು 1985ರಲ್ಲಿ ಅಮೆರಿಕದ ರೋಗ ನಿಯಂತ್ರಣ ಕೇಂದ್ರ ವರದಿ ಮಾಡಿ, ವಯಸ್ಕರಿಗೆ ತೋಳನ್ನೇ ಸೂಚಿಸಿತು. ರೇಬೀಸ್ ಲಸಿಕೆಯ ವಿಷಯದಲ್ಲಿ ಈ ನಿಯಮಕ್ಕೆ ವಿನಾಯಿತಿಯೇ ಇಲ್ಲ: ಪಿರ್ರೆಗೆ ಕೊಟ್ಟರೆ ರಕ್ಷಣೆಯ ಭರವಸೆಯಿಲ್ಲ, ರೋಗ ಬಂದರೆ ಬದುಕುವ ಭರವಸೆಯೂ ಇಲ್ಲ. ಲಸಿಕೆ ಎಷ್ಟು ಎಂಬುದರಷ್ಟೇ ಎಲ್ಲಿಗೆ ಎಂಬುದೂ ಚಿಕಿತ್ಸೆಯ ಭಾಗವೆಂದು ವೈದ್ಯಲೋಕಕ್ಕೆ ಮನದಟ್ಟಾದದ್ದು ಇಂಥ ಅನುಭವಗಳಿಂದ.

ಶಿಶುಗಳ ತೋಳಿನಲ್ಲಿ ಮಾಂಸ ಸಾಲದು. ಹುಟ್ಟಿನಿಂದಲೇ ಚೆನ್ನಾಗಿ ಬೆಳೆದಿರುವುದು ತೊಡೆಯ ಹೊರಮಗ್ಗುಲಿನ ವಾಸ್ಟಸ್ ಲ್ಯಾಟರಾಲಿಸ್ ಸ್ನಾಯು. ದೊಡ್ಡ ನರಗಳು ಅಲ್ಲಿಂದ ದೂರ. ಸೊಂಟದ ಪಕ್ಕದಲ್ಲಿ ಕೈಗೆ ಸಿಗುವ ಮೂಳೆಯ ಉಬ್ಬಿನಿಂದ ಮಂಡಿಯವರೆಗೆ ಮೂರು ಪಾಲು ಮಾಡಿದರೆ, ನಡುವಿನ ಪಾಲಿನ ಮುಂದಿನ ಹೊರಭಾಗ ಸರಿಯಾದ ಜಾಗ. ಜಪಾನ್ ಮಾತ್ರ ಬೇರೆ ದಾರಿ ಹಿಡಿಯಿತು. 1970ರ ದಶಕದಲ್ಲಿ ಅಲ್ಲಿ ತೊಡೆಗೆ ಪದೇ ಪದೇ ಔಷಧಿ ಚುಚ್ಚಿಸಿಕೊಂಡ ಮಕ್ಕಳ ಸ್ನಾಯುಗಳು ಬಿಗಿದು, ಮಂಡಿ ಮಡಿಸುವುದೇ ಕಷ್ಟವಾಯಿತು. ಕಾರಣ ಲಸಿಕೆಯಲ್ಲ, ಆದರೂ ದೀರ್ಘಕಾಲ ಅಲ್ಲಿ ಹೆಚ್ಚಿನ ಲಸಿಕೆಗಳನ್ನು ಚರ್ಮದಡಿಗೇ ಕೊಡಲಾಯಿತು.

ಜಾಗ ಸರಿಯಿದ್ದೂ ಸೂಜಿ ಗಿಡ್ಡವಾದರೆ ಪ್ರಯೋಜನವಿಲ್ಲ. 16 ಮಿ.ಮೀ. ಸೂಜಿಗಿಂತ 25 ಮಿ.ಮೀ. ಸೂಜಿ ಬಳಸಿದಾಗ ಶಿಶುಗಳ ತೊಡೆಯಲ್ಲಿ ಊತ ಕಡಿಮೆ ಎಂದು 2000 ಮತ್ತು 2006ರ ಬ್ರಿಟಿಷ್ ಅಧ್ಯಯನಗಳು ಕಂಡುಕೊಂಡವು. ಉದ್ದದ ಸೂಜಿ ಕಂಡು ಹೆತ್ತವರ ಎದೆ ನಡುಗುವುದು ಸಹಜ, ಆದರೆ ಮಗುವಿಗೆ ಹಿತವಾದದ್ದು ಅದೇ.

ದೊಡ್ಡವರಿಗೆ ತೋಳಿನ ಡೆಲ್ಟಾಯ್ಡ್ ಸ್ನಾಯು. ಭುಜದ ತುದಿಮೂಳೆಯಿಂದ ಎರಡು-ಮೂರು ಬೆರಳು ಕೆಳಗೆ, ಸ್ನಾಯು ದಪ್ಪಗಿರುವಲ್ಲಿ, ನೇರವಾಗಿ ಚುಚ್ಚಬೇಕು. ತೀರಾ ಮೇಲಕ್ಕೆ ಚುಚ್ಚಿದರೆ ಲಸಿಕೆ ಕೀಲಿನ ಸುತ್ತಲ ಚೀಲಕ್ಕೆ ಸೇರಿ ತಿಂಗಳುಗಟ್ಟಲೆ ಭುಜ ನೋಯಬಹುದು. 2010ರಲ್ಲಿ ಅಮೆರಿಕದ ತಜ್ಞರು ಇದನ್ನು ಪ್ರತ್ಯೇಕ ತೊಂದರೆಯಾಗಿ ವಿವರಿಸಿದರು. 2017ರಲ್ಲಿ ಅದು ಅಲ್ಲಿನ ಲಸಿಕೆ ಪರಿಹಾರದ ಪಟ್ಟಿ ಸೇರಿತು. ಚುಚ್ಚಿದ ಮೇಲೆ ಪಿಸ್ಟನ್ ಹಿಂದೆಳೆದು ರಕ್ತ ಬರುವುದೇ ಎಂದು ನೋಡುವ ಹಳೆಯ ರೂಢಿಯನ್ನೂ ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಕೈಬಿಡಲು ಹೇಳಿತು. ಈ ಜಾಗಗಳಲ್ಲಿ ದೊಡ್ಡ ರಕ್ತನಾಳಗಳಿಲ್ಲ, ಎಳೆದಾಟದಿಂದ ನೋವು ಮಾತ್ರ ಹೆಚ್ಚು.

ಭಾರತದ ಸಾರ್ವತ್ರಿಕ ಲಸಿಕಾ ಕಾರ್ಯಕ್ರಮದಲ್ಲಿ ಎಡತೊಡೆಗೆ ಪೆಂಟಾವೇಲೆಂಟ್, ಬಲತೊಡೆಗೆ ನ್ಯುಮೊಕಾಕಲ್ ಲಸಿಕೆ ನಿಗದಿಯಾಗಿದೆ. ಐದಾರು ವರ್ಷಕ್ಕೆ ಕೊಡುವ ಡಿಪಿಟಿ ಬೂಸ್ಟರ್ ಮತ್ತು ಗರ್ಭಿಣಿಯರ ಟಿಡಿ ಲಸಿಕೆ ತೋಳಿಗೆ. ಪಿರ್ರೆಗೆ ಹಾಕುವ ಲಸಿಕೆ ಈ ಪಟ್ಟಿಯಲ್ಲಿ ಒಂದೂ ಇಲ್ಲ.