ಮಕ್ಕಳೊಂದಿಗೆ ರೈಲು ಪ್ರಯಾಣ

ಮಕ್ಕಳೊಂದಿಗೆ ರೈಲು ಪ್ರಯಾಣ ಎಂಬ ಈ ಲೇಖನವು ಹನ್ನೆರಡು ವರ್ಷದೊಳಗಿನ ಮಕ್ಕಳನ್ನು ಕರೆದುಕೊಂಡು ಕುಟುಂಬಗಳು ಕೈಗೊಳ್ಳುವ ರೈಲು ಪ್ರಯಾಣವನ್ನೂ ಅದಕ್ಕೆ ಅನ್ವಯಿಸುವ ದರ, ಬರ್ತ್ ಮತ್ತು ಸುರಕ್ಷತೆಯ ನಿಯಮಗಳನ್ನೂ ವಿವರಿಸುತ್ತದೆ. ಭಾರತೀಯ ರೈಲ್ವೆಯಲ್ಲಿ ಮಗುವಿನ ಟಿಕೆಟ್ ದರವನ್ನು ಎರಡು ಅಂಶಗಳು ನಿರ್ಧರಿಸುತ್ತವೆ: ಒಂದು ಮಗುವಿನ ವಯಸ್ಸು, ಇನ್ನೊಂದು ಮಗುವಿಗೆ ಪ್ರತ್ಯೇಕ ಬರ್ತ್ ಬೇಕೇ ಬೇಡವೇ ಎಂಬುದು. ಯುರೋಪಿನ ಹಲವು ದೇಶಗಳಲ್ಲಿ ಮಗುವಿನ ಜೊತೆಗಿರುವ ಹಿರಿಯರ ಟಿಕೆಟ್ಟಿನ ಆಧಾರದ ಮೇಲೆ ಮಗುವಿಗೆ ರಿಯಾಯಿತಿ ದೊರೆಯುತ್ತದೆ. ಈ ವ್ಯತ್ಯಾಸವನ್ನು ಅರಿತರೆ ಪ್ರಯಾಣದ ಖರ್ಚನ್ನು ಲೆಕ್ಕ ಹಾಕುವುದು ಸುಲಭವಾಗುತ್ತದೆ.

ಬೆಳ್ಳೂರು ಪರಿಸರದ ರೈಲು ಮಾರ್ಗಗಳು

ಮಂಡ್ಯ ಜಿಲ್ಲೆಯ ನಾಗಮಂಗಲ ತಾಲ್ಲೂಕಿನ ಬೆಳ್ಳೂರು ಬೆಂಗಳೂರು–ಮಂಗಳೂರು ಹೆದ್ದಾರಿಯ ಸಮೀಪದಲ್ಲಿರುವ ಊರು. ಬಹುಕಾಲ ಈ ಭಾಗದ ಜನರ ಸಂಚಾರಕ್ಕೆ ಬಸ್ಸೇ ಮುಖ್ಯ ಆಧಾರವಾಗಿತ್ತು. ನೆಲಮಂಗಲ, ಕುಣಿಗಲ್, ಯಡಿಯೂರು, ಶ್ರವಣಬೆಳಗೊಳ, ಚನ್ನರಾಯಪಟ್ಟಣಗಳ ಮೂಲಕ ಸಾಗುವ ಬೆಂಗಳೂರು–ಹಾಸನ ನೇರ ರೈಲು ಮಾರ್ಗವು 2017ರ ಮಾರ್ಚ್‌ನಲ್ಲಿ ಪೂರ್ಣವಾಗಿ ಸಂಚಾರಕ್ಕೆ ತೆರೆಯಿತು. ಅದಕ್ಕೆ ಮೊದಲು ಬೆಂಗಳೂರಿನಿಂದ ಹಾಸನಕ್ಕೆ ರೈಲಿನಲ್ಲಿ ಹೋಗುವವರು ಅರಸೀಕೆರೆ ಅಥವಾ ಮೈಸೂರನ್ನು ಬಳಸಿ ಹೋಗಬೇಕಾಗಿತ್ತು. ಆದಿಚುಂಚನಗಿರಿ ಮಠಕ್ಕೆ ಹಾಗೂ ಅಲ್ಲಿನ ವಿದ್ಯಾಸಂಸ್ಥೆಗಳಿಗೆ ಹತ್ತಿರವಿರುವ ಬಿ.ಜಿ. ನಗರ (ಬಾಲಗಂಗಾಧರನಾಥ ನಗರ) ನಿಲ್ದಾಣವು ಬೆಳ್ಳೂರಿನವರಿಗೆ ಈ ಮಾರ್ಗದಲ್ಲಿ ಸಮೀಪದ ನಿಲ್ದಾಣವಾಗಿದೆ.

ನೆರೆಯ ತಾಲ್ಲೂಕುಗಳ ಪೈಕಿ ಪಾಂಡವಪುರ ಮತ್ತು ಶ್ರೀರಂಗಪಟ್ಟಣಗಳು ಬೆಂಗಳೂರು–ಮೈಸೂರು ಮಾರ್ಗದಲ್ಲಿವೆ. ಈ ಮಾರ್ಗವು ಹತ್ತೊಂಬತ್ತನೆಯ ಶತಮಾನದ ಎಂಬತ್ತರ ದಶಕದಲ್ಲಿ ಮೀಟರ್ ಗೇಜ್ ಮಾರ್ಗವಾಗಿ ಆರಂಭಗೊಂಡು ಅನಂತರ ಬ್ರಾಡ್ ಗೇಜ್‌ಗೆ ಪರಿವರ್ತನೆಯಾಯಿತು. ಕೃಷ್ಣರಾಜಪೇಟೆ ಪಟ್ಟಣಕ್ಕೆ ರೈಲು ನಿಲ್ದಾಣವಿಲ್ಲ. ಆ ತಾಲ್ಲೂಕಿನ ಅಕ್ಕಿಹೆಬ್ಬಾಳು ಮತ್ತು ಮಂದಗೆರೆಗಳು ಮೈಸೂರು–ಹಾಸನ–ಅರಸೀಕೆರೆ ಮಾರ್ಗದಲ್ಲಿ ಬರುತ್ತವೆ.

ಮಕ್ಕಳ ಪ್ರಯಾಣ ದರ

ಭಾರತೀಯ ರೈಲ್ವೆಯ ನಿಯಮಗಳಲ್ಲಿ ಮಕ್ಕಳನ್ನು ವಯಸ್ಸಿಗನುಗುಣವಾಗಿ ಹೀಗೆ ವಿಂಗಡಿಸಲಾಗಿದೆ.

5 ವರ್ಷ ತುಂಬದ ಮಕ್ಕಳು: ಇವರಿಗೆ ಟಿಕೆಟ್ ಅಗತ್ಯವಿಲ್ಲ. ಆದರೆ ಇವರಿಗೆ ಪ್ರತ್ಯೇಕ ಬರ್ತ್ ಅಥವಾ ಆಸನ ದೊರೆಯುವುದಿಲ್ಲ. ಹಿರಿಯರ ಜೊತೆಯಲ್ಲಿಯೇ ಮಲಗಬೇಕು. ಪ್ರತ್ಯೇಕ ಬರ್ತ್ ಬೇಕೆಂದು ಕೇಳಿದರೆ ವಯಸ್ಕರ ಪೂರ್ಣ ದರವನ್ನು ಕೊಡಬೇಕು. ಇದು ಐಚ್ಛಿಕ ಸೌಲಭ್ಯ. ಶಿಶುಗಳಿಗೂ ಟಿಕೆಟ್ ಕಡ್ಡಾಯವಾಗಿದೆ ಎಂಬ ಸುದ್ದಿ 2022ರಲ್ಲಿ ಹರಡಿದಾಗ, ನಿಯಮ ಬದಲಾಗಿಲ್ಲವೆಂದು ಸರ್ಕಾರ ಸ್ಪಷ್ಟೀಕರಣ ನೀಡಿತು.

5 ವರ್ಷ ತುಂಬಿ 12 ವರ್ಷ ತುಂಬದ ಮಕ್ಕಳು: ಬರ್ತ್ ಬೇಡವೆಂದರೆ ಅರ್ಧ ದರ, ಬರ್ತ್ ಬೇಕೆಂದರೆ ಪೂರ್ಣ ದರ. ಮೊದಲು ಅರ್ಧ ದರ ಕೊಟ್ಟ ಮಗುವಿಗೂ ಬರ್ತ್ ಸಿಗುತ್ತಿತ್ತು. 2016ರ ಏಪ್ರಿಲ್ 21ರಿಂದ ಈ ಪದ್ಧತಿಯನ್ನು ಕೈಬಿಡಲಾಯಿತು. ಚೇರ್ ಕಾರ್, ಎಕ್ಸಿಕ್ಯುಟಿವ್ ಮತ್ತು ಕಾಯ್ದಿರಿಸಿದ ಸೆಕೆಂಡ್ ಸಿಟ್ಟಿಂಗ್ ದರ್ಜೆಗಳಲ್ಲಿ 'ಆಸನ ಬೇಡ' ಎಂಬ ಆಯ್ಕೆಯೇ ಇಲ್ಲದಿರುವುದರಿಂದ ಅಲ್ಲಿ ಪೂರ್ಣ ದರವನ್ನೇ ತೆರಬೇಕಾಗುತ್ತದೆ.

12 ವರ್ಷ ತುಂಬಿದವರು: ಇವರನ್ನು ವಯಸ್ಕರೆಂದೇ ಪರಿಗಣಿಸಲಾಗುತ್ತದೆ.

ಒಂದು ಉದಾಹರಣೆಯಿಂದ ಇದನ್ನು ತಿಳಿಯಬಹುದು. ತಂದೆ, ತಾಯಿ, 8 ವರ್ಷದ ಮಗಳು ಮತ್ತು 4 ವರ್ಷದ ಮಗ ಯಶವಂತಪುರದಿಂದ ಹಾಸನದ ಮೂಲಕ ಕಾರವಾರಕ್ಕೆ ಹೋಗುವ ರಾತ್ರಿ ರೈಲಿನ ಸ್ಲೀಪರ್ ದರ್ಜೆಯಲ್ಲಿ ಪ್ರಯಾಣಿಸುತ್ತಾರೆಂದು ಭಾವಿಸೋಣ. ಮಗಳಿಗೆ ಬರ್ತ್ ಬೇಡವೆಂದರೆ ಸುಮಾರು ಎರಡೂವರೆ ದರಕ್ಕೆ ಎರಡು ಬರ್ತ್ ದೊರೆಯುತ್ತವೆ. ಒಂದೊಂದರಲ್ಲಿ ಇಬ್ಬಿಬ್ಬರು ಮಲಗಬೇಕು. ಮಗಳಿಗೂ ಬರ್ತ್ ಪಡೆದರೆ ಮೂರು ದರಕ್ಕೆ ಮೂರು ಬರ್ತ್. ಉಳಿತಾಯವಾಗುವುದು ಅರ್ಧ ದರ ಮಾತ್ರ. ಅದಕ್ಕಾಗಿ ಇಡೀ ರಾತ್ರಿಯ ನಿದ್ರೆಯನ್ನು ಬಿಟ್ಟುಕೊಡಬೇಕಾಗಬಹುದು. ಹಗಲಿನ ಕಿರುಪ್ರಯಾಣದಲ್ಲಿ ಅರ್ಧ ದರ ಲಾಭದಾಯಕ. ರಾತ್ರಿಯ ದೀರ್ಘ ಪ್ರಯಾಣದಲ್ಲಿ ಏಳೆಂಟು ವರ್ಷದ ಮಗುವಿಗೆ ಬರ್ತ್ ಪಡೆಯುವುದೇ ಸೂಕ್ತ.

ವಯಸ್ಸಿನ ರಿಯಾಯಿತಿ ಪಡೆದ ಮಗುವಿನ ಜನನ ಪ್ರಮಾಣಪತ್ರ, ಆಧಾರ್ ಅಥವಾ ಶಾಲೆಯ ಗುರುತಿನ ಚೀಟಿಯ ಪ್ರತಿಯನ್ನು ಜೊತೆಯಲ್ಲಿಟ್ಟುಕೊಂಡರೆ ತಪಾಸಣೆಯ ವೇಳೆ ಗೊಂದಲ ಉಂಟಾಗುವುದಿಲ್ಲ.

ಬರ್ತ್‌ಗಳ ಆಯ್ಕೆ

ಸ್ಲೀಪರ್ ಮತ್ತು ಮೂರು ಹಂತದ ಹವಾನಿಯಂತ್ರಿತ ಬೋಗಿಗಳಲ್ಲಿ ಸಾಮಾನ್ಯವಾಗಿ ಎಂಟೆಂಟು ಬರ್ತ್‌ಗಳ ವಿಭಾಗಗಳಿರುತ್ತವೆ. ಮೊದಲ ವಿಭಾಗದಲ್ಲಿ 1 ಮತ್ತು 4 ಕೆಳಗಿನವು, 2 ಮತ್ತು 5 ನಡುವಿನವು, 3 ಮತ್ತು 6 ಮೇಲಿನವು; 7 ಪಕ್ಕದ ಕೆಳಗಿನದು, 8 ಪಕ್ಕದ ಮೇಲಿನದು. ಮುಂದಿನ ವಿಭಾಗಗಳಲ್ಲಿಯೂ ಇದೇ ಕ್ರಮ ಮುಂದುವರಿಯುತ್ತದೆ. ಹೀಗಾಗಿ ಟಿಕೆಟ್ಟಿನ ಮೇಲಿನ ಸಂಖ್ಯೆಯನ್ನು ನೋಡಿಯೇ ಬರ್ತ್ ಎಲ್ಲಿದೆ ಎಂದು ಹೇಳಬಹುದು.

ಚಿಕ್ಕ ಮಕ್ಕಳಿಗೆ ಕೆಳಗಿನ ಬರ್ತ್ ಹೆಚ್ಚು ಸುರಕ್ಷಿತ. ಮಗುವನ್ನು ಗೋಡೆಯ ಕಡೆಗೆ ಮಲಗಿಸಿ ಹಿರಿಯರು ಹೊರಬದಿಗೆ ಮಲಗುವುದು ರೂಢಿ. ನಡುವಿನ ಬರ್ತ್ ಅನ್ನು ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಮಾತ್ರ ಬಿಡಿಸಿಕೊಳ್ಳಲು ಅವಕಾಶವಿದೆ. ಉಳಿದ ವೇಳೆಯಲ್ಲಿ ಅದನ್ನು ಮಡಚಿ ಕೆಳಗಿನ ಬರ್ತ್‌ನಲ್ಲಿ ಎಲ್ಲರೂ ಕುಳಿತುಕೊಳ್ಳಬೇಕು. ಒಂದು ಮುಂಗಡ ಕಾಯ್ದಿರಿಸುವ ಅರ್ಜಿಯಲ್ಲಿ ಆರು ಪ್ರಯಾಣಿಕರ ಹೆಸರುಗಳನ್ನು ಬರೆಯಬಹುದು. ಕುಟುಂಬದವರೆಲ್ಲರ ಹೆಸರನ್ನು ಒಂದೇ ಟಿಕೆಟ್ಟಿನಲ್ಲಿ ಸೇರಿಸಿದರೆ ಒಂದೇ ಕಡೆ ಬರ್ತ್ ದೊರೆಯುವ ಸಾಧ್ಯತೆ ಹೆಚ್ಚು. 2024ರ ನವೆಂಬರ್ 1ರಿಂದ ಮುಂಗಡ ಕಾಯ್ದಿರಿಸುವ ಅವಧಿಯನ್ನು 120 ದಿನಗಳಿಂದ 60 ದಿನಗಳಿಗೆ ಇಳಿಸಲಾಗಿದೆ.

ತಾಯಿಯ ಬರ್ತ್‌ಗೆ ಹೊಂದಿಕೊಂಡಂತೆ ಶಿಶುವಿಗಾಗಿ ಮಡಚಬಲ್ಲ ಪುಟ್ಟ ಬರ್ತ್ ಅಳವಡಿಸುವ ಪ್ರಯೋಗವನ್ನು ಉತ್ತರ ರೈಲ್ವೆಯು 2022ರ ಮೇ ತಿಂಗಳಲ್ಲಿ ಲಖನೌ ಮೇಲ್ ರೈಲಿನಲ್ಲಿ ನಡೆಸಿತು.

ಆಹಾರ ಮತ್ತು ಸಿದ್ಧತೆ

ಎಲ್ಲ ರೈಲುಗಳಲ್ಲಿಯೂ ಅಡುಗೆ ಬೋಗಿ ಇರುವುದಿಲ್ಲ. ಆದ್ದರಿಂದ ಬಿಸಿನೀರನ್ನು ಫ್ಲಾಸ್ಕಿನಲ್ಲಿ ಒಯ್ಯುವುದು ಉತ್ತಮ. ಹಳೆಯ ಮೈಸೂರು ಸೀಮೆಯ ಕುಟುಂಬಗಳು ಶಿಶುಗಳಿಗಾಗಿ ರಾಗಿ ಸರಿಹಿಟ್ಟನ್ನೂ ದೊಡ್ಡ ಮಕ್ಕಳಿಗಾಗಿ ಚಪಾತಿ, ಒಗ್ಗರಣೆ ಅವಲಕ್ಕಿ, ಚಕ್ಕುಲಿ ಮೊದಲಾದ ಬೇಗ ಕೆಡದ ತಿಂಡಿಗಳನ್ನೂ ಕಟ್ಟಿಕೊಂಡು ಹೋಗುತ್ತವೆ. ಮೊಸರನ್ನವನ್ನು ಬೇಸಿಗೆಯಲ್ಲಿ ಮೊದಲ ಊಟಕ್ಕೇ ಮುಗಿಸುವುದು ಲೇಸು. ಶಿಶು ಆಹಾರ, ಬಿಸಿ ಹಾಲು ಮತ್ತು ಬಿಸಿನೀರನ್ನು ಒದಗಿಸುವ 'ಜನನಿ ಸೇವಾ' ಯೋಜನೆಯನ್ನು ರೈಲ್ವೆಯು 2016ರಲ್ಲಿ ಆಯ್ದ ನಿಲ್ದಾಣಗಳಲ್ಲಿ ಆರಂಭಿಸಿತು.

ಸಣ್ಣ ನಿಲ್ದಾಣಗಳಲ್ಲಿ ರೈಲು ಒಂದೆರಡು ನಿಮಿಷ ಮಾತ್ರ ನಿಲ್ಲುತ್ತದೆ. ಇಬ್ಬರು ಹಿರಿಯರಿದ್ದರೆ ಒಬ್ಬರು ಮೊದಲು ಹತ್ತಿ, ಇನ್ನೊಬ್ಬರು ಕೆಳಗಿನಿಂದ ಮಕ್ಕಳನ್ನು ಹತ್ತಿಸಿ, ಸಾಮಾನುಗಳನ್ನು ಕೊನೆಯಲ್ಲಿ ಏರಿಸಬೇಕು. ಇಳಿಯುವಾಗಲೂ ಒಬ್ಬ ಹಿರಿಯರು ಮೊದಲು ಇಳಿದು ಮಕ್ಕಳನ್ನು ಬರಮಾಡಿಕೊಳ್ಳಬೇಕು. ಸಾಮಾನಿಗಿಂತ ಮಗು ಮುಖ್ಯ ಎಂಬುದೇ ಈ ಕ್ರಮದ ತಿರುಳು.

ಸುರಕ್ಷತೆ ಮತ್ತು ಕಾನೂನು

ಜನನಿಬಿಡ ನಿಲ್ದಾಣಗಳಲ್ಲಿ ಮಕ್ಕಳು ಹಿರಿಯರಿಂದ ಬೇರ್ಪಡುವುದುಂಟು. ಮನೆ ಬಿಟ್ಟು ಬಂದ ಮಕ್ಕಳು ಮತ್ತು ಕಳ್ಳಸಾಗಣೆಗೆ ಒಳಗಾದ ಮಕ್ಕಳು ರೈಲುಗಳಲ್ಲಿ ಪತ್ತೆಯಾಗುವುದೂ ಉಂಟು. ಇಂತಹ ಮಕ್ಕಳ ರಕ್ಷಣೆಗಾಗಿ ರೈಲ್ವೆ ರಕ್ಷಣಾ ದಳವು 'ನನ್ಹೇ ಫರಿಶ್ತೇ' ಎಂಬ ಕಾರ್ಯಾಚರಣೆಯನ್ನು ನಡೆಸುತ್ತಿದೆ. 2018ರಿಂದ 2024ರ ಮೇ ತಿಂಗಳವರೆಗೆ ದೇಶದಾದ್ಯಂತ 84,119 ಮಕ್ಕಳನ್ನು ದಳವು ರಕ್ಷಿಸಿದೆ ಎಂದು ಸರ್ಕಾರ ತಿಳಿಸಿದೆ.

ಮಗು ಕಾಣೆಯಾದರೆ ಟಿಕೆಟ್ ಪರೀಕ್ಷಕರಿಗೆ ಅಥವಾ ರೈಲ್ವೆ ರಕ್ಷಣಾ ದಳದ ಸಿಬ್ಬಂದಿಗೆ ತಿಳಿಸುವುದರ ಜೊತೆಗೆ 139 (ರೈಲ್ವೆ ಸಹಾಯವಾಣಿ) ಅಥವಾ 1098 (ಮಕ್ಕಳ ಸಹಾಯವಾಣಿ) ಸಂಖ್ಯೆಗೆ ಕೂಡಲೇ ಕರೆ ಮಾಡಬೇಕು. ಮಾತು ಬಾರದ ಮಗುವಿನ ಜೇಬಿನಲ್ಲಿ ತಂದೆತಾಯಿಯ ದೂರವಾಣಿ ಸಂಖ್ಯೆ ಮತ್ತು ಬೋಗಿಯ ಸಂಖ್ಯೆ ಬರೆದ ಚೀಟಿಯನ್ನು ಇಡುವುದು ಉಪಯುಕ್ತ. ಶಾಲೆಗೆ ಹೋಗುವ ಮಕ್ಕಳಿಗೆ ಒಂದು ದೂರವಾಣಿ ಸಂಖ್ಯೆಯನ್ನಾದರೂ ಬಾಯಿಪಾಠ ಮಾಡಿಸಿರಬೇಕು.

1989ರ ರೈಲ್ವೆ ಕಾಯ್ದೆಯ 139ನೆಯ ಕಲಮಿನ ಪ್ರಕಾರ, ಪುರುಷ ಪ್ರಯಾಣಿಕರ ಜೊತೆಯಿಲ್ಲದ ಮಹಿಳೆಯನ್ನಾಗಲಿ ಮಗುವನ್ನಾಗಲಿ ಟಿಕೆಟ್ ಇಲ್ಲವೆಂಬ ಕಾರಣಕ್ಕೆ ರಾತ್ರಿ ವೇಳೆ ರೈಲಿನಿಂದ ಇಳಿಸುವಂತಿಲ್ಲ. ಹಗಲಿನಲ್ಲಿಯೂ ಪ್ರಯಾಣ ಆರಂಭಿಸಿದ ನಿಲ್ದಾಣ, ಜಂಕ್ಷನ್, ಕೊನೆಯ ನಿಲ್ದಾಣ ಅಥವಾ ಜಿಲ್ಲಾ ಕೇಂದ್ರದಲ್ಲಿ ಮಾತ್ರ ಇಳಿಸಬಹುದು. 12 ವರ್ಷದೊಳಗಿನ ಗಂಡುಮಕ್ಕಳು ತಾಯಿಯೊಂದಿಗೆ ಮಹಿಳೆಯರ ಬೋಗಿಯಲ್ಲಿ ಪ್ರಯಾಣಿಸಬಹುದು. ಸಕಾರಣವಿಲ್ಲದೆ ಅಪಾಯದ ಸರಪಳಿ ಎಳೆಯುವುದು ಶಿಕ್ಷಾರ್ಹ ಅಪರಾಧ; ಮಕ್ಕಳು ಆಟಕ್ಕೆಂದು ಅದನ್ನು ಮುಟ್ಟದಂತೆ ಮೊದಲೇ ತಿಳಿಹೇಳಬೇಕು.

ಶಾಲಾ ಪ್ರವಾಸ ಮತ್ತು ಕಲಿಕೆ

ಗ್ರಾಮೀಣ ಪ್ರದೇಶದ ಸರ್ಕಾರಿ ಶಾಲೆಗಳ ವಿದ್ಯಾರ್ಥಿಗಳಿಗೆ ವರ್ಷಕ್ಕೊಮ್ಮೆ ಕೈಗೊಳ್ಳುವ ಶೈಕ್ಷಣಿಕ ಪ್ರವಾಸಕ್ಕಾಗಿ ಎರಡನೆಯ ದರ್ಜೆಯಲ್ಲಿ ಶೇಕಡ 75ರಷ್ಟು ರಿಯಾಯಿತಿಯನ್ನು ರೈಲ್ವೆ ನಿಯಮಗಳು ಒದಗಿಸಿವೆ. ಇದಕ್ಕೆ ಮುಖ್ಯೋಪಾಧ್ಯಾಯರ ಪ್ರಮಾಣಪತ್ರ ಬೇಕು.

ಮಂಡ್ಯ ಜಿಲ್ಲೆಯ ಮಕ್ಕಳಿಗೆ ಹತ್ತಿರದಲ್ಲಿರುವ ರೈಲು ಸಂಬಂಧಿ ತಾಣ 1979ರಲ್ಲಿ ಸ್ಥಾಪನೆಯಾದ ಮೈಸೂರಿನ ರೈಲು ವಸ್ತುಸಂಗ್ರಹಾಲಯ. ಹಳೆಯ ಉಗಿ ಇಂಜಿನ್‌ಗಳು ಅಲ್ಲಿವೆ. ಮಕ್ಕಳಿಗಾಗಿ ಪುಟ್ಟ ರೈಲೂ ಇದೆ. ಹಾಸನದಿಂದ ಮುಂದೆ ಸಕಲೇಶಪುರ–ಸುಬ್ರಹ್ಮಣ್ಯ ರೋಡ್ ನಡುವಿನ ಸುಮಾರು 55 ಕಿ.ಮೀ. ಘಾಟಿ ಮಾರ್ಗದಲ್ಲಿ 57 ಸುರಂಗಗಳಿವೆ. ಹಗಲಿನಲ್ಲಿ ಹೋದರೆ ಸುರಂಗಗಳನ್ನು ಎಣಿಸುವುದು ಮಕ್ಕಳಿಗೆ ಆಟವೂ ಆಗುತ್ತದೆ, ಪಾಠವೂ ಆಗುತ್ತದೆ. 2021ರ ಜುಲೈನಿಂದ ಈ ಮಾರ್ಗದ ಹಗಲು ರೈಲುಗಳಲ್ಲಿ ಗಾಜಿನ ಛಾವಣಿಯ ವಿಸ್ಟಾಡೋಮ್ ಬೋಗಿಗಳನ್ನು ಅಳವಡಿಸಲಾಗಿದೆ.

ಯುರೋಪಿನ ರೈಲುಗಳಲ್ಲಿ

ಉದ್ಯೋಗಕ್ಕಾಗಿ ಯುರೋಪಿನಲ್ಲಿ ನೆಲೆಸಿರುವ ಕನ್ನಡಿಗರೂ ಮಕ್ಕಳು ಮೊಮ್ಮಕ್ಕಳನ್ನು ನೋಡಲು ಅಲ್ಲಿಗೆ ಹೋಗುವ ಹಿರಿಯರೂ ಅಲ್ಲಿನ ರೈಲುಗಳನ್ನು ಬಳಸುತ್ತಾರೆ. ಅಲ್ಲಿ ವಯಸ್ಸಿನ ಮಿತಿ ದೇಶದಿಂದ ದೇಶಕ್ಕೆ ಬದಲಾಗುತ್ತದೆ.

ಜರ್ಮನಿಯಲ್ಲಿ 6 ವರ್ಷದೊಳಗಿನವರಿಗೆ ಟಿಕೆಟ್ ಬೇಕಿಲ್ಲ. ದೂರದ ರೈಲುಗಳಲ್ಲಿ 6ರಿಂದ 14 ವರ್ಷದ ಮಕ್ಕಳು ಜೊತೆಗಿರುವ ಹಿರಿಯರ ಟಿಕೆಟ್ಟಿನಲ್ಲಿ ನಮೂದಾಗಿದ್ದರೆ ಉಚಿತವಾಗಿ ಪ್ರಯಾಣಿಸಬಹುದು. ಸ್ವಿಟ್ಜರ್ಲೆಂಡಿನಲ್ಲಿ ಸ್ವಿಸ್ ಟ್ರಾವೆಲ್ ಪಾಸ್ ಹೊಂದಿರುವ ತಂದೆ ಅಥವಾ ತಾಯಿಯೊಂದಿಗೆ 6ರಿಂದ 15 ವರ್ಷದ ಮಕ್ಕಳು ಫ್ಯಾಮಿಲಿ ಕಾರ್ಡ್ ಪಡೆದು ಉಚಿತವಾಗಿ ಸಂಚರಿಸಬಹುದು. ಬ್ರಿಟನ್ನಿನಲ್ಲಿ 5 ವರ್ಷದೊಳಗಿನವರಿಗೆ ಉಚಿತ, 5ರಿಂದ 15 ವರ್ಷದವರಿಗೆ ಸಾಮಾನ್ಯವಾಗಿ ಅರ್ಧ ದರ.

ಭಾರತದಲ್ಲಿ ವಾಸಿಸುವವರು ಹಲವು ದೇಶಗಳನ್ನು ಸುತ್ತಲು ಯೂರೇಲ್ ಪಾಸ್ ಪಡೆಯಬಹುದು. ವಯಸ್ಕರ ಒಂದು ಪಾಸಿನೊಂದಿಗೆ 4ರಿಂದ 11 ವರ್ಷದ ಇಬ್ಬರು ಮಕ್ಕಳಿಗೆ ಉಚಿತ ಪಾಸ್ ದೊರೆಯುತ್ತದೆ. ಆದರೆ ಫ್ರಾನ್ಸಿನ ಟಿಜಿವಿಯಂತಹ ವೇಗದ ರೈಲುಗಳಲ್ಲಿ ಆಸನ ಕಾಯ್ದಿರಿಸಲು ಬೇರೆ ಶುಲ್ಕವಿದೆ. ಪಾಸ್ ಇದ್ದ ಮಾತ್ರಕ್ಕೆ ಆಸನ ಖಚಿತವಾಗುವುದಿಲ್ಲ. ಪ್ರತಿ ಮಗುವಿಗೂ ಪ್ರತ್ಯೇಕ ಪಾಸ್‌ಪೋರ್ಟ್ ಮತ್ತು ವೀಸಾ ಬೇಕು. 2024ರ ಜೂನ್ 11ರಿಂದ ಷೆಂಗೆನ್ ವೀಸಾ ಶುಲ್ಕ ವಯಸ್ಕರಿಗೆ 90 ಯೂರೋ, 6ರಿಂದ 11 ವರ್ಷದವರಿಗೆ 45 ಯೂರೋ. 6 ವರ್ಷದೊಳಗಿನವರಿಗೆ ಶುಲ್ಕವಿಲ್ಲ. ಬ್ರಿಟನ್ ಷೆಂಗೆನ್ ವಲಯಕ್ಕೆ ಸೇರಿಲ್ಲವಾದ್ದರಿಂದ ಅಲ್ಲಿಗೆ ಬೇರೆ ವೀಸಾ ಅಗತ್ಯ.

ಸೌಲಭ್ಯಗಳಲ್ಲಿಯೂ ವ್ಯತ್ಯಾಸವಿದೆ. ಸ್ವಿಟ್ಜರ್ಲೆಂಡಿನ ಎರಡು ಅಂತಸ್ತಿನ ಕೆಲವು ರೈಲುಗಳ ಮೇಲಂತಸ್ತಿನಲ್ಲಿ ಮಕ್ಕಳ ಆಟದ ಸ್ಥಳವಿದೆ. ಜರ್ಮನಿಯ ವೇಗದ ರೈಲುಗಳಲ್ಲಿ ಚಿಕ್ಕ ಮಕ್ಕಳಿರುವ ಕುಟುಂಬಗಳಿಗಾಗಿಯೇ ಪ್ರತ್ಯೇಕ ಕೋಣೆಗಳಿವೆ. ಆಸ್ಟ್ರಿಯಾದ ರೈಲ್‌ಜೆಟ್ ರೈಲುಗಳಲ್ಲಿ ಮಕ್ಕಳಿಗೆ ಚಲನಚಿತ್ರ ತೋರಿಸುವ ವ್ಯವಸ್ಥೆಯಿದೆ.

ಭಾರತದ ನಿಯಮವು ಮಗು ಬಳಸುವ ಜಾಗಕ್ಕೆ ಬೆಲೆ ಕಟ್ಟುತ್ತದೆ. ಜರ್ಮನಿ, ಸ್ವಿಟ್ಜರ್ಲೆಂಡ್‌ಗಳ ನಿಯಮಗಳು ಕುಟುಂಬವನ್ನು ಒಂದು ಘಟಕವಾಗಿ ಕಾಣುತ್ತವೆ. ಇಲ್ಲಿ ಮೂಲ ದರವೇ ಕಡಿಮೆಯಿರುವುದರಿಂದ ಪೂರ್ಣ ದರದ ಬರ್ತ್ ಕೂಡ ಅನೇಕ ಕುಟುಂಬಗಳ ಕೈಗೆಟುಕುತ್ತದೆ. ಅಲ್ಲಿ ಮೂಲ ದರ ಹೆಚ್ಚಾಗಿರುವುದರಿಂದ ಮಕ್ಕಳ ರಿಯಾಯಿತಿಯನ್ನು ತಿಳಿಯದೆ ಟಿಕೆಟ್ ಕೊಂಡರೆ ಆಗುವ ನಷ್ಟವೂ ದೊಡ್ಡದು.